ಟೊಯೋಟಾ: ಒಂದು ಹೆಸರಿನ ಹುಟ್ಟು, ಏಳು, ಬೀಳು

ಟೊಯೋಟಾ ಜಪಾನಿನ ಐಚಿ ಪ್ರಾಂತ್ಯದಲ್ಲಿ ಕೇಂದ್ರ ಕಚೇರಿಯಿರುವ ಮೋಟಾರು ವಾಹನ ಕಂಪನಿ. ಸ್ಥಾಪನೆಯಾದದ್ದು 1937ರ ಆಗಸ್ಟ್ 28ರಂದು. ತನ್ನ ಅಧೀನದ ದೈಹಾತ್ಸು ಮತ್ತು ಹಿನೋ ಕಂಪನಿಗಳೂ ಸೇರಿ 2023ರಲ್ಲಿ ಇದು ಸುಮಾರು 1 ಕೋಟಿ 12 ಲಕ್ಷ ವಾಹನಗಳನ್ನು ಮಾರಿತು. ಆ ವರ್ಷ ಜಗತ್ತಿನ ಬೇರಾವ ಕಂಪನಿಯೂ ಅಷ್ಟು ಮಾರಲಿಲ್ಲ. ಮರುಭೂಮಿಯಲ್ಲಿ ಓಡುವ ಪಿಕಪ್, ಬೆಂಗಳೂರಿನ ಏರ್‌ಪೋರ್ಟ್ ಟ್ಯಾಕ್ಸಿ, ಶ್ರೀಮಂತರ ಲೆಕ್ಸಸ್, ಬ್ಯಾಟರಿ ಮತ್ತು ಪೆಟ್ರೋಲ್ ಎರಡರಲ್ಲೂ ಚಲಿಸುವ ಪ್ರಿಯಸ್ ಎಲ್ಲವೂ ಈ ಮನೆಯವೇ. ಓಡಿಸುವವರ ಬಾಯಲ್ಲಿ ಈ ಹೆಸರಿಗೆ ಅಂಟಿಕೊಂಡಿರುವ ಮಾತೊಂದಿದೆ: ಗಾಡಿ ದಾರಿಯಲ್ಲಿ ಕೈಕೊಡುವುದಿಲ್ಲ. ಈ ಮಾತು ಕಂಪನಿಯ ಜೊತೆಗೇ ಹುಟ್ಟಿದ್ದಲ್ಲ. ಅದರ ಮೊದಲ ಲಾರಿಗಳೂ ಕೈಕೊಟ್ಟವು, ಅಮೆರಿಕಕ್ಕೆ ಹೋದ ಮೊದಲ ಕಾರುಗಳೂ ಕೈಕೊಟ್ಟವು.

ಮಗ್ಗದಿಂದ ಮೋಟಾರಿಗೆ

ಕಂಪನಿಯ ಮೂಲ ಇರುವುದು ನೇಯ್ಗೆಯಲ್ಲಿ. ಸಾಕಿಚಿ ಟೊಯೋಡಾ (1867–1930) ಈಗಿನ ಷಿಜುವೊಕಾ ಪ್ರಾಂತ್ಯಕ್ಕೆ ಸೇರಿದ ಹಳ್ಳಿಯೊಂದರ ಬಡಗಿಯ ಮಗ. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಪೇಟೆಂಟ್ ಪಡೆದ ಅವರು ಬದುಕಿನುದ್ದಕ್ಕೂ ಮಗ್ಗವನ್ನು ತಿದ್ದುತ್ತಲೇ ಹೋದರು. 1924ರಲ್ಲಿ ಮಗ ಕಿಯಿಚಿರೋ ನೆರವಿನಿಂದ ಸಿದ್ಧವಾದ ‘ಜಿ ಮಾದರಿ’ಯ ಸ್ವಯಂಚಾಲಿತ ಮಗ್ಗದಲ್ಲಿ ಲಾಳಿಯ ನೂಲು ಮುಗಿಯುವ ಹೊತ್ತಿಗೆ, ಮಗ್ಗ ನಿಲ್ಲುವ ಮೊದಲೇ, ಹೊಸ ಲಾಳಿ ಬಂದು ಕೂರುತ್ತಿತ್ತು. ಆದರೆ ಹಾಸಿನ ಒಂದೇ ಒಂದು ಎಳೆ ಕಡಿದರೂ ಮಗ್ಗ ತಾನಾಗಿ ನಿಂತುಬಿಡುತ್ತಿತ್ತು. ನಿಂತ ಮಗ್ಗದ ಕಡೆ ಮಾತ್ರ ಗಮನ ಕೊಟ್ಟರೆ ಸಾಕಾದ್ದರಿಂದ ಒಬ್ಬಳೇ ಕೆಲಸಗಾರ್ತಿ ಹಲವಾರು ಮಗ್ಗಗಳನ್ನು ನಿಭಾಯಿಸಬಹುದಾಯಿತು. ಕೆಟ್ಟ ಬಟ್ಟೆಯನ್ನು ಮಗ್ಗ ಒಂದು ಗೇಣೂ ಹೆಚ್ಚಿಗೆ ನೇಯುತ್ತಿರಲಿಲ್ಲ. ತಪ್ಪು ಕಂಡ ಕೂಡಲೇ ನಿಲ್ಲಿಸು ಎನ್ನುವ ಈ ನಿಯಮವೇ ಟೊಯೋಟಾ ಕಾರಿನ ಅಡಿಗಲ್ಲು. ಕಂಪನಿ ಇದನ್ನು ಪಾಲಿಸಿದಾಗಲೆಲ್ಲ ಅದರ ಹೆಸರು ಏರಿದೆ, ಮರೆತಾಗ ಇಳಿದಿದೆ.

ಈ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಮಾರಲಾಯಿತು. ಜಗತ್ತಿಗೆಲ್ಲ ಜವಳಿ ಯಂತ್ರ ಮಾರುತ್ತಿದ್ದ ಊರು ಜಪಾನಿನಿಂದ ಮಗ್ಗದ ವಿದ್ಯೆ ಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆ ದುಡ್ಡಿನಿಂದಲೇ ಕಾರಿನ ಕಂಪನಿ ಹುಟ್ಟಿತೆಂಬ ಕಥೆ ಎಲ್ಲ ಕಡೆಯೂ ಓಡಾಡುತ್ತದೆ. ಆದರೆ ಕಾರಿಗೆ ಬೇಕಾದ ಬಂಡವಾಳ ಅದಕ್ಕಿಂತ ಬಹಳ ದೊಡ್ಡದಿತ್ತು. ಆ ಹೊರೆ ಹೊತ್ತದ್ದು ಮಗ್ಗದ ಕಾರ್ಖಾನೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದ ಕಿಯಿಚಿರೋ (1894–1952) 1933ರಲ್ಲಿ ಅದೇ ಕಾರ್ಖಾನೆಯ ಒಳಗೆ ಮೋಟಾರು ವಿಭಾಗವೊಂದನ್ನು ತೆರೆದರು. ಅಮೆರಿಕದ ಷೆವರ್ಲೆ ಕಾರೊಂದನ್ನು ಬಿಚ್ಚಿಹಾಕಿ ನೋಡಿ, 1934ರಲ್ಲಿ ತಮ್ಮ ಮೊದಲ ಎಂಜಿನ್ ಮಾಡಿದರು. ಮಾರಾಟಕ್ಕೆ ಬಂದ ಮೊದಲ ವಾಹನ 1935ರ ಜಿ1 ಲಾರಿ. ಅದು ಕೆಡುತ್ತಿದ್ದದ್ದು ಒಂದೆರಡು ಕಡೆಯಲ್ಲ. ಜನರಲ್ ಮೋಟಾರ್ಸ್ ಬಿಟ್ಟು ಬಂದ ಷೋತಾರೋ ಕಾಮಿಯಾ ಎಂಬ ಮಾರಾಟಗಾರ ಕೆಟ್ಟ ಲಾರಿಗಳ ಬೆನ್ನಿಗೆ ದುರಸ್ತಿಯವರನ್ನು ಕಳಿಸಿ ಗಿರಾಕಿಗಳನ್ನು ಉಳಿಸಿಕೊಂಡರು. 1936ರಲ್ಲಿ ಎಎ ಎಂಬ ಕಾರು ಬಂತು. ಅದೇ ವರ್ಷ ಜಪಾನ್ ಸರ್ಕಾರ ತಂದ ಕಾನೂನು ಅಲ್ಲಿ ಬೇರೂರಿದ್ದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳ ಕಾಲು ಕಟ್ಟಿತು. ಮನೆತನದ ಹೆಸರು ಟೊಯೋಡಾ, ಕಾರಿನ ಹೆಸರು ಟೊಯೋಟಾ; ಈ ಬದಲಾವಣೆಯೂ 1936ರದೇ. ಕಾರ್ಖಾನೆ ಎದ್ದ ಕೊರೋಮೋ ಎಂಬ ಊರು 1959ರಲ್ಲಿ ತನ್ನ ಹೆಸರನ್ನೇ ಟೊಯೋಟಾ ಎಂದು ಬದಲಿಸಿಕೊಂಡಿತು.

ಯುದ್ಧದ ವರ್ಷಗಳು ಸೇನೆಗೆ ಲಾರಿ ಮಾಡುವುದರಲ್ಲಿ ಕಳೆದವು. ಅನಂತರ ಬಂದದ್ದು ಅದಕ್ಕಿಂತ ಕಠಿಣ ಕಾಲ. 1949ರ ಬಿಗಿ ಹಣಕಾಸು ನೀತಿಯಿಂದ ಲಾರಿ ಕೊಂಡವರು ಕಂತು ಕಟ್ಟಲಾರದಾದರು, ಕಂಪನಿ ಸಂಬಳ ಕೊಡಲಾರದಾಯಿತು. ಬ್ಯಾಂಕುಗಳು ಸಾಲ ಕೊಟ್ಟವು, ಜೊತೆಗೆ ಷರತ್ತು ಹಾಕಿದವು: ಮಾರಾಟದ ವಿಭಾಗ ಬೇರೆ ಕಂಪನಿಯಾಗಬೇಕು, ಕೆಲಸಗಾರರ ಸಂಖ್ಯೆ ಇಳಿಯಬೇಕು. ಮುಷ್ಕರ ಎದ್ದಿತು. ಕೆಲಸಗಾರರನ್ನು ತೆಗೆಯುವುದಿಲ್ಲವೆಂದು ಮಾತು ಕೊಟ್ಟಿದ್ದ ಕಿಯಿಚಿರೋ 1950ರ ಜೂನ್‌ನಲ್ಲಿ ಅಧ್ಯಕ್ಷ ಪದವಿ ಬಿಟ್ಟರು. ಅದೇ ತಿಂಗಳು ಕೊರಿಯಾ ಯುದ್ಧ ಶುರುವಾಗಿ, ಅಮೆರಿಕದ ಸೇನೆ ಸಾವಿರಗಟ್ಟಲೆ ಲಾರಿಗಳಿಗೆ ಆರ್ಡರ್ ಕೊಟ್ಟಿತು. ಪಕ್ಕದ ದೇಶದ ಯುದ್ಧ ಕಂಪನಿಯನ್ನು ಉಳಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ಕಿಯಿಚಿರೋ ಮತ್ತೆ ಆ ಕುರ್ಚಿಗೆ ಮರಳಲಿಲ್ಲ. 1952ರ ಮಾರ್ಚ್‌ನಲ್ಲಿ ತೀರಿಕೊಂಡರು.

ಹಗ್ಗ ಎಳೆಯುವ ಕಾರ್ಖಾನೆ

1950ರಲ್ಲಿ ಕಿಯಿಚಿರೋ ಅವರ ದಾಯಾದಿ ತಮ್ಮ ಎಯ್‌ಜಿ ಟೊಯೋಡಾ ಅಮೆರಿಕಕ್ಕೆ ಹೋಗಿ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯನ್ನು ನೋಡಿ ಬಂದರು. ಅಲ್ಲಿ ಬಿಡಿಭಾಗಗಳ ರಾಶಿಯೇ ರಾಶಿ. ಅಷ್ಟು ಸರಕು ಪೇರಿಸಿಡಲು ಟೊಯೋಟಾದ ಬಳಿ ಜಾಗವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಬೇಕಾದಾಗ, ಬೇಕಾದಷ್ಟೇ ಎಂಬ ಯೋಚನೆ ಕಿಯಿಚಿರೋ ಕಾಲದ್ದು. ಅದನ್ನು ನಿತ್ಯದ ಕೆಲಸವಾಗಿಸಿದವರು ತೈಯಿಚಿ ಓಹ್ನೊ (1912–1990). ಟೊಯೋಡಾ ಮನೆತನದ ಜವಳಿ ಕಂಪನಿಯಲ್ಲೇ ಕೆಲಸ ಕಲಿತು 1943ರಲ್ಲಿ ಕಾರಿನ ಕಡೆಗೆ ಬಂದ ಎಂಜಿನಿಯರ್ ಅವರು. ಅವರಿಗೆ ಮಾದರಿಯಾದದ್ದು ಅಮೆರಿಕದ ಸೂಪರ್‌ಮಾರ್ಕೆಟ್. ಅಲ್ಲಿ ಗಿರಾಕಿ ತೆಗೆದುಕೊಂಡಷ್ಟನ್ನೇ ಅಂಗಡಿಯವನು ಮತ್ತೆ ತುಂಬುತ್ತಾನೆ; ಕಾರ್ಖಾನೆಯಲ್ಲೂ ಮುಂದಿನ ಹಂತದವನು ಹಿಂದಿನವನಿಂದ ತೆಗೆದುಕೊಂಡಷ್ಟನ್ನೇ ಹೊಸದಾಗಿ ಮಾಡಬೇಕು. ಎಷ್ಟು ತೆಗೆದುಕೊಂಡ ಎಂಬುದನ್ನು ಹೇಳುವ ಚೀಟಿಯೇ ‘ಕಾನ್‌ಬಾನ್’. 1960ರ ದಶಕದಲ್ಲಿ ಅದು ಕಂಪನಿಯ ಎಲ್ಲ ಕಡೆಗೂ ಹಬ್ಬಿತು.

ಮಗ್ಗದ ನಿಯಮ ಕಾರಿನ ಸಾಲಿಗೆ ಬಂದದ್ದು ಒಂದು ಹಗ್ಗದ ರೂಪದಲ್ಲಿ. ಜೋಡಣೆಯ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಿಗಾದರೂ ಬೋಲ್ಟ್ ಸರಿಯಾಗಿ ಕೂರಲಿಲ್ಲವೆನಿಸಿದರೆ ತಲೆಯ ಮೇಲಿನ ಹಗ್ಗ ಎಳೆಯಬೇಕು. ದೀಪ ಹತ್ತುತ್ತದೆ, ತಂಡದ ಮುಖಂಡ ಓಡಿ ಬರುತ್ತಾನೆ. ಕಾರು ಆ ಜಾಗ ದಾಟುವುದರೊಳಗೆ ದೋಷ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಸಾಲು ನಿಲ್ಲಿಸಿದವನು ಕೆಲಸ ಕಳೆದುಕೊಳ್ಳುತ್ತಿದ್ದ ಅಮೆರಿಕದ ಕಾರ್ಖಾನೆಗಳಿಗೆ ಇದು ನಂಬಲಾಗದ ಸಂಗತಿಯಾಗಿತ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಮುಚ್ಚಿದ್ದ ಕಾರ್ಖಾನೆಯನ್ನು 1984ರಲ್ಲಿ ಅದೂ ಟೊಯೋಟಾವೂ ಸೇರಿ ಮತ್ತೆ ತೆರೆದವು. ಜಗಳಗಂಟರೆಂದು ಹೆಸರಾಗಿದ್ದ ಹಳೆಯ ಕೆಲಸಗಾರರನ್ನೇ ಹೆಚ್ಚಾಗಿ ಮರಳಿ ಕರೆದರು. ಅದೇ ಕೈಗಳಿಂದ ಉತ್ತಮ ಕಾರುಗಳು ಹೊರಬಂದವು. (ಆ ಕಟ್ಟಡದಲ್ಲಿ ಈಗ ಟೆಸ್ಲಾ ಕಾರುಗಳು ತಯಾರಾಗುತ್ತವೆ.) ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 1990ರಲ್ಲಿ ಈ ವಿಧಾನದ ಬಗ್ಗೆ ಪುಸ್ತಕ ಬರೆದ ಮೇಲೆ ಆಸ್ಪತ್ರೆಗಳಿಂದ ಸಾಫ್ಟ್‌ವೇರ್ ಕಂಪನಿಗಳವರೆಗೆ ಎಲ್ಲರೂ ಇದನ್ನು ಕಲಿಯಲು ಹೊರಟರು.

ದಾಸ್ತಾನಿಲ್ಲದೆ ನಡೆಯುವ ಕಾರ್ಖಾನೆಗೆ ಅಪಾಯವೂ ಇದೆ. 1997ರ ಫೆಬ್ರವರಿ 1ರಂದು ಕಾರಿಯಾ ಊರಿನ ಐಸಿನ್ ಕಂಪನಿಯ ಘಟಕ ಸುಟ್ಟುಹೋಯಿತು. ಬ್ರೇಕಿಗೆ ಬೇಕಾದ ಸಣ್ಣ ವಾಲ್ವ್ ಒಂದು ಟೊಯೋಟಾಗೆ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಜಪಾನಿನ ಟೊಯೋಟಾ ಸಾಲುಗಳು ಒಂದೊಂದಾಗಿ ನಿಂತವು. ಆಗ ಬಿಡಿಭಾಗ ಪೂರೈಸುವ ಸಣ್ಣಪುಟ್ಟ ಕಂಪನಿಗಳು, ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿಯೂ ಸೇರಿ, ನಕ್ಷೆ ಇಸಿದುಕೊಂಡು ವಾಲ್ವ್ ಮಾಡಿಕೊಟ್ಟವು. ಒಂದು ವಾರದ ಸುಮಾರಿಗೆ ಕಾರುಗಳು ಮತ್ತೆ ಹೊರಬರತೊಡಗಿದವು.

ಈ ಹೊಗಳಿಕೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಪತ್ರಕರ್ತ ಸಾತೋಷಿ ಕಾಮಾತಾ 1970ರ ದಶಕದ ಆರಂಭದಲ್ಲಿ ಹಂಗಾಮಿ ಕೆಲಸಗಾರನಾಗಿ ಟೊಯೋಟಾ ಸೇರಿ, ಸಾಲಿನ ವೇಗ ಮನುಷ್ಯನ ಮೈಯನ್ನು ಹೇಗೆ ಹಿಂಡುತ್ತದೆಂದು ಪುಸ್ತಕ ಬರೆದರು. ವ್ಯರ್ಥವನ್ನೆಲ್ಲ ತೆಗೆಯುವುದೆಂದರೆ ಕೆಲಸಗಾರನ ಉಸಿರಾಟದ ಬಿಡುವನ್ನೂ ತೆಗೆಯುವುದೇ ಎಂಬ ಪ್ರಶ್ನೆ ಅಂದಿನಿಂದ ಕಂಪನಿಯ ಬೆನ್ನಿಗಿದೆ.

ಹೆಸರು ಗಳಿಸಿಕೊಟ್ಟ ಗಾಡಿಗಳು

1957ರಲ್ಲಿ ಕ್ರೌನ್ ಎಂಬ ಕಾರು ಅಮೆರಿಕಕ್ಕೆ ಹೋಯಿತು. ಜಪಾನಿನ ಮಣ್ಣುರಸ್ತೆಗೆ ಮಾಡಿದ ಗಟ್ಟಿಮುಟ್ಟಾದ ಗಾಡಿ. ಅಲ್ಲಿನ ಹೆದ್ದಾರಿಯ ವೇಗಕ್ಕೆ ಎಂಜಿನ್ ಕಾದು, ಕಾರು ನಡುಗಿ, ಮಾನ ಹೋಯಿತು. ಕಂಪನಿ ಅಲ್ಲಿ ಆ ಕಾರಿನ ಮಾರಾಟ ನಿಲ್ಲಿಸಿತು. ಅಮೆರಿಕದಲ್ಲಿ ಕಾಲೂರಿದ್ದು 1965ರ ಕೊರೋನಾ ಕಾರಿನಿಂದ. ಮರುವರ್ಷ ಬಂತು ಕೊರೋಲಾ. ಅದರ ಮುಖ್ಯ ಎಂಜಿನಿಯರ್ ತಾತ್ಸುವೊ ಹಾಸೆಗಾವಾ ಯುದ್ಧಕಾಲದಲ್ಲಿ ವಿಮಾನಗಳ ವಿನ್ಯಾಸಕರಾಗಿದ್ದವರು. ಎದುರಾಳಿ ನಿಸಾನ್ ಸನ್ನಿಯ ಎಂಜಿನ್ 1,000 ಸಿಸಿ ಎಂದು ತಿಳಿದಾಗ ಕೊರೋಲಾಗೆ 1,100 ಸಿಸಿ ಕೊಟ್ಟು, ಆ ನೂರು ಸಿಸಿಯನ್ನೇ ಜಾಹೀರಾತಿನಲ್ಲಿ ಸಾರಿದರು. ಯಾವ ವಿಷಯದಲ್ಲೂ ಅದ್ಭುತವಲ್ಲ, ಯಾವುದರಲ್ಲೂ ಫೇಲಾಗುವುದಿಲ್ಲ ಎಂಬ ಕೊರೋಲಾದ ಗುಣವೇ ಟೊಯೋಟಾದ ಗುಣವಾಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದವರು ಪೆಟ್ರೋಲ್ ಬಂಕಿನ ಮುಂದೆ ಸಾಲು ನಿಂತಾಗ ಇಂಥ ಸಣ್ಣ ಕಾರಿನ ಬೆಲೆ ಗೊತ್ತಾಯಿತು. 2021ರ ಹೊತ್ತಿಗೆ ಕೊರೋಲಾ ಹೆಸರಿನಲ್ಲಿ ಮಾರಾಟವಾದ ಕಾರುಗಳು 5 ಕೋಟಿ.

ರಸ್ತೆಯೇ ಇಲ್ಲದ ಕಡೆ ಹೆಸರು ಮಾಡಿದ್ದು ಲ್ಯಾಂಡ್ ಕ್ರೂಸರ್. 1951ರ ಇದರ ಮೊದಲ ಮಾದರಿ ಫ್ಯೂಜಿ ಪರ್ವತದ ಆರನೆಯ ತಂಗುದಾಣದವರೆಗೆ ಹತ್ತಿತ್ತು. ಆಸ್ಟ್ರೇಲಿಯಾದ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯ ಗುತ್ತಿಗೆದಾರ ಲೆಸ್ಲಿ ಥೀಸ್ 1950ರ ದಶಕದ ಕೊನೆಯಲ್ಲಿ ಇವನ್ನು ತರಿಸಿಕೊಂಡ ಮೇಲೆ ಆ ಖಂಡದ ಒಳನಾಡಿನಲ್ಲಿ ಬ್ರಿಟಿಷ್ ಲ್ಯಾಂಡ್‌ರೋವರ್‌ನ ದಿನಗಳು ಮುಗಿಯತೊಡಗಿದವು. ವಿಶ್ವಸಂಸ್ಥೆಯ ಬಿಳಿ ಗಾಡಿಗಳಲ್ಲಿ ಹೆಚ್ಚಿನವು ಇವೇ. ಇದರ ಸೋದರ, 1968ರ ಹೈಲಕ್ಸ್ ಪಿಕಪ್‌ಗೆ ಸಿಕ್ಕ ಕೀರ್ತಿ ವಿಚಿತ್ರವಾದದ್ದು: 1987ರಲ್ಲಿ ಚಾಡ್ ದೇಶದ ಸೈನಿಕರು ಪಿಕಪ್‌ಗಳ ಮೇಲೆ ಕ್ಷಿಪಣಿ ಕಟ್ಟಿಕೊಂಡು ಲಿಬಿಯಾದ ಟ್ಯಾಂಕುಗಳನ್ನು ಸೋಲಿಸಿದರು, ಚರಿತ್ರೆಯಲ್ಲಿ ಅದಕ್ಕೆ ‘ಟೊಯೋಟಾ ಯುದ್ಧ’ ಎಂದೇ ಹೆಸರು. ಸೈನ್ಯಕ್ಕೆ, ದಂಗೆಕೋರರಿಗೆ, ಪರಿಹಾರ ಸಂಸ್ಥೆಗೆ, ರೈತನಿಗೆ ಒಂದೇ ಗಾಡಿ ಬೇಕಾಗುವುದಕ್ಕೆ ಕಾರಣವೂ ಒಂದೇ. ಊರಿನ ಮೆಕ್ಯಾನಿಕ್‌ಗೆ ಅದರ ರಿಪೇರಿ ಗೊತ್ತು, ಪಾರ್ಟ್ಸ್ ಎಲ್ಲಿ ಹೋದರೂ ಸಿಗುತ್ತವೆ.

1989ರ ಲೆಕ್ಸಸ್ ಜರ್ಮನಿಯ ದುಬಾರಿ ಕಾರುಗಳಿಗೆ ಕೊಟ್ಟ ಉತ್ತರ. ಮಾರಾಟ ಶುರುವಾಗಿ ಕೆಲವೇ ತಿಂಗಳಲ್ಲಿ ಸುಮಾರು 8,000 ಕಾರುಗಳಲ್ಲಿ ಸಣ್ಣ ದೋಷ ಕಂಡಾಗ ಕಂಪನಿಯವರು ಮಾಲೀಕರ ಮನೆಬಾಗಿಲಿಗೇ ಹೋಗಿ ಕಾರು ಒಯ್ದು, ಸರಿಪಡಿಸಿ, ತೊಳೆದು, ಪೆಟ್ರೋಲ್ ತುಂಬಿಸಿ ಮರಳಿ ತಂದುಬಿಟ್ಟರು. ದೋಷವೇ ಒಳ್ಳೆಯ ಹೆಸರಿಗೆ ಕಾರಣವಾದ ಅಪರೂಪದ ಪ್ರಸಂಗ ಅದು. 1997ರ ಡಿಸೆಂಬರ್‌ನಲ್ಲಿ ತಾಕೇಷಿ ಉಚಿಯಾಮಾದಾ ಅವರ ತಂಡದ ಪ್ರಿಯಸ್ ಬಂತು; ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು ಅದು. ಅದರ ಹೊಸ ಬ್ಯಾಟರಿ ಬೇಗ ಸಾಯುತ್ತದೆಂದು ಹೇಳಿದವರಿದ್ದರು. ಅನೇಕ ನಗರಗಳ ಟ್ಯಾಕ್ಸಿ ಚಾಲಕರು ಅದನ್ನು ಲಕ್ಷಗಟ್ಟಲೆ ಕಿಲೋಮೀಟರ್ ಓಡಿಸಿ ಆ ಮಾತನ್ನು ಸುಳ್ಳುಮಾಡಿದರು.

ಬಿಡದಿ ಮತ್ತು ಹಳದಿ ಬೋರ್ಡು

ಭಾರತಕ್ಕೆ ಟೊಯೋಟಾ ಮೊದಲು ಬಂದದ್ದು 1980ರ ದಶಕದಲ್ಲಿ, ಡಿಸಿಎಂ ಕಂಪನಿಯ ಜೊತೆಗೂಡಿ ಸಣ್ಣ ಲಾರಿ ಮಾಡಲು. ಆ ಸಂಬಂಧ ಬಾಳಲಿಲ್ಲ. ಎರಡನೆಯ ಪ್ರವೇಶ ಕರ್ನಾಟಕದ ಮೂಲಕ, ಅದೂ ಜವಳಿ ಯಂತ್ರದ ದಾರಿಯಲ್ಲಿ. ವಿಕ್ರಮ್ ಕಿರ್ಲೋಸ್ಕರ್ (1958–2022) ಟೊಯೋಡಾ ಗುಂಪಿನೊಂದಿಗೆ ಮೊದಲು ಕೈಜೋಡಿಸಿದ್ದು ಬೆಂಗಳೂರಿನ ಬಳಿಯ ನೂಲುಯಂತ್ರದ ಕಾರ್ಖಾನೆಗಾಗಿ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು. ತಟ್ಟೆ ಇಡ್ಲಿಗೆ ಹೆಸರಾಗಿದ್ದ ಬಿಡದಿಯಿಂದ 1999ರ ಕೊನೆಯಲ್ಲಿ ಗಾಡಿಗಳು ಹೊರಬರತೊಡಗಿದವು.

ಮೊದಲ ಗಾಡಿ ಕ್ವಾಲಿಸ್. ಇಂಡೊನೇಷ್ಯಾದ ಕಿಜಾಂಗ್‌ನ ರೂಪಾಂತರವಾದ ಅದು ಚೌಕಾಕಾರದ, ಹಳೆಯ ಮಾದರಿಯ ವಾಹನ. ಪತ್ರಿಕೆಗಳ ವಿಮರ್ಶಕರು ಮೂಗು ಮುರಿದರು. ಓಡಿಸುವವರು ಬೇರೆಯೇ ತೀರ್ಪು ಕೊಟ್ಟರು. ಮನೆಮಂದಿಯೆಲ್ಲ ಕೂತು ಧರ್ಮಸ್ಥಳಕ್ಕೆ ಹೋಗಿ ಬರಬಹುದು, ಘಾಟಿಯಲ್ಲಿ ಎಂಜಿನ್ ಕಾಯುವುದಿಲ್ಲ, ಹಗಲು ಟೂರಿಗೂ ರಾತ್ರಿ ಕಾಲ್‌ಸೆಂಟರ್ ಪಾಳಿಗೂ ಒಂದೇ ಗಾಡಿ. 2005ರಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ ಕಂಪನಿ ಇನೋವಾ ತಂದಿತು. ಬೆಲೆ ಏರಿತೆಂದು ಗೊಣಗಿದ ಟ್ಯಾಕ್ಸಿಯವರಲ್ಲಿ ಕೆಲವರು ಷೆವರ್ಲೆ ಟವೇರಾ ಕಡೆ ಹೋದರು. ಆದರೂ ಕೆಲವೇ ವರ್ಷಗಳಲ್ಲಿ ಮಂತ್ರಿಗಳ ಬೆಂಗಾವಲಿನಲ್ಲೂ ಹಳದಿ ಬೋರ್ಡಿನ ಟೂರಿಸ್ಟ್ ಗಾಡಿಗಳಲ್ಲೂ ಇನೋವಾ ಬಿಟ್ಟರೆ ಬೇರೆ ಹೆಸರಿಲ್ಲದಂತಾಯಿತು. ಟ್ರಾವೆಲ್ಸ್ ನಡೆಸುವವರ ಲೆಕ್ಕಾಚಾರ ಸರಳ: ಕೊಳ್ಳುವಾಗ ಲಕ್ಷಗಟ್ಟಲೆ ಹೆಚ್ಚು ಕೊಟ್ಟರೂ ಗಾಡಿ ಷೆಡ್ಡಿನಲ್ಲಿ ನಿಲ್ಲದೆ ದುಡಿಯುತ್ತದೆ, ಮಾರುವಾಗ ಒಳ್ಳೆಯ ಬೆಲೆ ತರುತ್ತದೆ.

ಇದೇ ಹೆಸರು ಒಮ್ಮೆ ಕಾಲಿಗೆ ತೊಡರಿತು. 2010ರ ಕೊನೆಯಲ್ಲಿ ಭಾರತಕ್ಕೆಂದೇ ರೂಪಿಸಿದ ಎಟಿಯೋಸ್ ಬಂದಾಗ, ಒಳಗಿನ ಸಪ್ಪೆ ಪ್ಲಾಸ್ಟಿಕ್ ಕಂಡು ಮನೆಗೆ ಕಾರು ಕೊಳ್ಳುವವರು ಹಿಂಜರಿದರು. ಕ್ಯಾಬ್ ಓಡಿಸುವವರು ಮುಗಿಬಿದ್ದರು. ಟ್ಯಾಕ್ಸಿ ಎಂಬ ಮುದ್ರೆ ಬಿದ್ದ ಮೇಲೆ ಅದನ್ನು ಬಿಳಿ ಬೋರ್ಡಿನವರು ಮತ್ತೆ ತಿರುಗಿ ನೋಡಲಿಲ್ಲ. 2019ರಿಂದ ಸುಜುಕಿ ಜೊತೆಗಿನ ಒಪ್ಪಂದದಂತೆ ಮಾರುತಿಯ ಬಲೆನೊ ಕಾರೇ ಗ್ಲಾಂಜಾ ಎಂಬ ಹೆಸರಿನಲ್ಲಿ ಟೊಯೋಟಾ ಷೋರೂಮಿಗೆ ಬರುತ್ತಿದೆ. ಲಾಂಛನ ಬದಲಾದ ಮಾತ್ರಕ್ಕೆ ಕಾರು ಬದಲಾಗುವುದಿಲ್ಲ ಎಂದು ಹಳೆಯ ಅಭಿಮಾನಿಗಳು ಆಕ್ಷೇಪಿಸುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಗಿರಾಕಿಗಳು ಮಾತ್ರ ಷೋರೂಮಿನ ಉಪಚಾರ ಮತ್ತು ವಾರಂಟಿ ನೋಡಿ ಕೊಳ್ಳುತ್ತಲೇ ಇದ್ದಾರೆ.

ಕಾರ್ಖಾನೆಯ ಒಳಗಿನ ಸಂಬಂಧ ಯಾವಾಗಲೂ ನುಣುಪಾಗಿರಲಿಲ್ಲ. 2014ರಲ್ಲಿ ಬೀಗಮುದ್ರೆ, 2020ರ ನವೆಂಬರ್‌ನಲ್ಲಿ ಮತ್ತೆ ಬೀಗಮುದ್ರೆ. ಎರಡನೆಯದು ತಿಂಗಳುಗಟ್ಟಲೆ ಎಳೆಯಿತು; ಸಾಲಿನ ವೇಗ, ಕೆಲಸದ ಒತ್ತಡ, ಅಮಾನತುಗಳೇ ಜಗಳದ ಮೂಲ. ಕಾಮಾತಾ ಬರೆದದ್ದನ್ನು ಓದಿದವರಿಗೆ ಇದು ಹೊಸ ಕಥೆಯೆನಿಸದು. ಇನ್ನೊಂದೆಡೆ, 2007ರಲ್ಲಿ ಬಿಡದಿಯಲ್ಲೇ ಶುರುವಾದ ಕಂಪನಿಯ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳಿಗೆ ಕಸುಬು ಕಲಿಸುತ್ತಿದೆ.

ನಂಬಿಕೆಗೆ ಬಿದ್ದ ಪೆಟ್ಟುಗಳು

2008ರಲ್ಲಿ ಟೊಯೋಟಾ ಮಾರಾಟದಲ್ಲಿ ಜನರಲ್ ಮೋಟಾರ್ಸ್ ಅನ್ನು ಹಿಂದಿಕ್ಕಿತು. ಮರುವರ್ಷದ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಬಳಿ ಲೆಕ್ಸಸ್ ಕಾರೊಂದು ಹಿಡಿತ ತಪ್ಪಿ ಓಡಿ ನಾಲ್ವರು ಸತ್ತರು. ಕಾಲಡಿಯ ಮ್ಯಾಟ್‌ಗೆ ಆಕ್ಸಿಲರೇಟರ್ ಸಿಕ್ಕಿಕೊಳ್ಳುವುದು, ಪೆಡಲ್ ಒತ್ತಿದಲ್ಲೇ ಅಂಟಿಕೊಳ್ಳುವುದು ಎಂಬ ಎರಡು ದೋಷಗಳಿಗಾಗಿ ಜಗತ್ತಿನಾದ್ಯಂತ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಆಗಷ್ಟೇ ಅಧ್ಯಕ್ಷರಾಗಿದ್ದ, ಕಿಯಿಚಿರೋ ಅವರ ಮೊಮ್ಮಗ ಅಕಿಯೋ ಟೊಯೋಡಾ 2010ರ ಫೆಬ್ರವರಿ 24ರಂದು ಅಮೆರಿಕದ ಕಾಂಗ್ರೆಸ್ ಸಮಿತಿಯ ಮುಂದೆ ಕೂತು, ಕಂಪನಿ ಬೆಳೆದ ವೇಗ ಅತಿಯಾಗಿತ್ತೇನೋ ಎಂದು ಒಪ್ಪಿಕೊಂಡರು. ಎಲೆಕ್ಟ್ರಾನಿಕ್ ದೋಷವೇ ಕಾರಣವೆಂಬ ಆರೋಪವನ್ನು ನಾಸಾ ತಜ್ಞರೂ ಪರೀಕ್ಷಿಸಿದರು. 2011ರ ವರದಿಯಲ್ಲಿ ಅದಕ್ಕೆ ಪುರಾವೆ ಸಿಗಲಿಲ್ಲ. ಆದರೆ ದೋಷಗಳ ಬಗ್ಗೆ ಗಿರಾಕಿಗಳಿಗೆ ತಪ್ಪು ಮಾಹಿತಿ ಕೊಟ್ಟದ್ದನ್ನು ಒಪ್ಪಿಕೊಂಡು 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ತೆತ್ತಿತು. 1989ರಲ್ಲಿ ಮನೆಬಾಗಿಲಿಗೆ ಹೋಗಿ ಕಾರು ತೊಳೆದುಕೊಟ್ಟವರು ಇಪ್ಪತ್ತು ವರ್ಷದಲ್ಲಿ ಇಲ್ಲಿಗೆ ಬಂದಿದ್ದರು.

ಅಮೆರಿಕದ ಟಕೋಮಾ ಪಿಕಪ್‌ಗಳ ಚಾಸಿಗೆ ತುಕ್ಕು ಹಿಡಿದದ್ದು ಇನ್ನೊಂದು ದೂರು. 2016ರಲ್ಲಿ ಅದೂ ದೊಡ್ಡ ಮೊತ್ತದ ರಾಜಿಯಲ್ಲಿ ಮುಗಿಯಿತು. ಇತ್ತೀಚಿನದು ಪರೀಕ್ಷಾ ವಂಚನೆ. ಹಿನೋ ಎಂಜಿನ್‌ಗಳ ಹೊಗೆಯ ಅಂಕಿಅಂಶ ತಿದ್ದಿದ್ದು 2022ರಲ್ಲಿ ಹೊರಬಿತ್ತು. ದೈಹಾತ್ಸು ದಶಕಗಳಿಂದ ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ಮಾಡಿದ್ದು 2023ರಲ್ಲಿ ಬಯಲಾಗಿ, ಡಿಸೆಂಬರ್‌ನಲ್ಲಿ ಅದು ತನ್ನ ಎಲ್ಲ ಕಾರುಗಳ ರವಾನೆಯನ್ನೇ ನಿಲ್ಲಿಸಿತು. 2024ರ ಜನವರಿಯಲ್ಲಿ ಡೀಸೆಲ್ ಎಂಜಿನ್‌ಗಳ ಶಕ್ತಿ ಪರೀಕ್ಷೆಯ ಅಕ್ರಮ ಕಂಡಾಗ ಬಿಡದಿಯ ಇನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್‌ಗಳ ರವಾನೆಯೂ ಕೆಲವು ದಿನ ತಡೆಹಿಡಿಯಲ್ಪಟ್ಟಿತು. ರಸ್ತೆಯಲ್ಲಿ ಇವುಗಳಿಂದ ಅಪಘಾತ ಹೆಚ್ಚಿದ್ದು ಕಂಡುಬಂದಿಲ್ಲ. ಆದರೂ ಎಳೆ ಕಡಿದದ್ದು ಗೊತ್ತಿದ್ದೂ ಮಗ್ಗ ಓಡಿಸಿದ ಪ್ರಕರಣಗಳಿವು. ಆ ದೃಷ್ಟಿಯಿಂದ 2009ಕ್ಕಿಂತ ಹೆಚ್ಚು ಕೆಟ್ಟವು.

ಉತ್ಸಾಹಿ ಚಾಲಕರ ದೂರು ಬೇರೆ: ಟೊಯೋಟಾ ಕಾರು ಕೆಡುವುದಿಲ್ಲ, ಖುಷಿಯನ್ನೂ ಕೊಡುವುದಿಲ್ಲ. 1967ರ 2000ಜಿಟಿ, 1993ರ ಸುಪ್ರಾದಂಥ ಕಾರುಗಳನ್ನು ಮಾಡಿದವರ ಬಗ್ಗೆ ಈ ಮಾತು ಪೂರ್ತಿ ನ್ಯಾಯವಲ್ಲ. ಸ್ವತಃ ರೇಸ್ ಕಾರು ಓಡಿಸುವ ಅಕಿಯೋ ಈ ಅಪವಾದ ತೊಳೆಯಲು ಹೊರಟು 2020ರಲ್ಲಿ ಜಿಆರ್ ಯಾರಿಸ್ ಮಾಡಿಸಿದರು. 2016ರ ಲ ಮಾನ್ ಕಾರು ರೇಸಿನಲ್ಲಿ ಕೊನೆಯ ನಿಮಿಷಗಳಲ್ಲಿ ಮುಂಚೂಣಿಯ ಕಾರು ನಿಂತುಹೋಗಿ ಗೆಲುವು ತಪ್ಪಿತು. 2018ರಿಂದ 2022ರವರೆಗೆ ಸತತ ಐದು ವರ್ಷ ಅಲ್ಲಿ ಟೊಯೋಟಾವೇ ಗೆದ್ದಿತು.

ಪೂರ್ತಿ ಬ್ಯಾಟರಿಯ ಕಾರುಗಳ ವಿಷಯದಲ್ಲಿ ಕಂಪನಿ ಹಿಂದೆ ಬಿದ್ದದ್ದು ನಿಜ. 2022ರ ಅದರ ಮೊದಲ ಪ್ರಮುಖ ಎಲೆಕ್ಟ್ರಿಕ್ ಕಾರು ಚಕ್ರದ ಬೋಲ್ಟ್ ಸಡಿಲವಾಗುತ್ತದೆಂದು ಷೋರೂಮಿಗೆ ಬಂದ ಕೆಲವೇ ವಾರಗಳಲ್ಲಿ ವಾಪಸ್ಸು ಹೋಯಿತು. ಬೋಲ್ಟಿನ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಕಂಪನಿಗೆ ಇದಕ್ಕಿಂತ ಮುಜುಗರ ಬೇರೆ ಬೇಕಿಲ್ಲ. ಎಲೆಕ್ಟ್ರಿಕ್ ಒಂದೇ ದಾರಿಯಲ್ಲ, ಹೈಬ್ರಿಡ್ ಕೂಡ ಬೇಕು ಎಂಬ ಅಕಿಯೋ ವಾದವನ್ನು ಹಟವೆಂದು ನಕ್ಕವರು ಅನಂತರ ಹೈಬ್ರಿಡ್ ಮಾರಾಟ ಏರಿದಾಗ ಸುಮ್ಮನಾದರು. ಅಕಿಯೋ 2023ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಸ್ಥಾನವನ್ನು ಕೋಜಿ ಸಾತೋ ಎಂಬ ಎಂಜಿನಿಯರ್‌ಗೆ ಬಿಟ್ಟುಕೊಟ್ಟರು. ಬಿಡದಿಯಲ್ಲಿ ಹೈಬ್ರಿಡ್ ಇನೋವಾ ಹೈಕ್ರಾಸ್ ತಯಾರಾಗುತ್ತಿದೆ. ಅಲ್ಲಿಯ ಮೂರನೆಯ ಘಟಕಕ್ಕಾಗಿ 3,300 ಕೋಟಿ ರೂಪಾಯಿ ಹೂಡುವ ಒಪ್ಪಂದಕ್ಕೆ ಕಂಪನಿ 2023ರ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರದೊಂದಿಗೆ ಸಹಿ ಹಾಕಿತು.